ಹಳೆಯ ಕಂಪ್ಯೂಟರ್‌ನಿಂದ ಹೊಸದಕ್ಕೆ: ಲೈಸೆನ್ಸ್ ಇರುವ ತಂತ್ರಾಂಶಗಳನ್ನು ಸಾಗಿಸುವ ಕ್ರಮ

ಹೊಸ ಕಂಪ್ಯೂಟರ್ ಕೊಂಡವರಲ್ಲಿ ಹೆಚ್ಚಿನವರು ಮೊದಲು ಫೋಟೊ, ಪತ್ರ, ಲೆಕ್ಕಪತ್ರಗಳ ಕಡತಗಳನ್ನೆಲ್ಲ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಳ್ಳುತ್ತಾರೆ. ಅದು ಮುಗಿದ ಕೂಡಲೇ ಹಳೆಯ ಯಂತ್ರವನ್ನು ಫಾರ್ಮ್ಯಾಟ್ ಮಾಡಿ ಬೇರೆಯವರಿಗೆ ಕೊಟ್ಟುಬಿಡುತ್ತಾರೆ. ಕಡತಗಳ ಮಟ್ಟಿಗೆ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹಣ ಕೊಟ್ಟು ಕೊಂಡ ತಂತ್ರಾಂಶಗಳ ವಿಷಯದಲ್ಲಿ ಈ ಆತುರ ನೇರವಾಗಿ ನಷ್ಟಕ್ಕೆ ಕಾರಣವಾಗುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತ ಮೇಲೆ, ವಿಂಡೋಸ್ 11ಕ್ಕೆ ಹೊಂದದ ಯಂತ್ರಗಳನ್ನು ಬದಲಿಸುವವರ ಸಂಖ್ಯೆ ಹೆಚ್ಚಿರುವುದರಿಂದ, ಲೈಸೆನ್ಸ್ ಕಳೆದುಕೊಳ್ಳದೆ ಹೊಸ ಯಂತ್ರಕ್ಕೆ ಹೋಗುವ ಕ್ರಮವನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಇಡೀ ಕೆಲಸಕ್ಕೆ ಒಂದೇ ಮುಖ್ಯ ನಿಯಮವಿದೆ: ಹೊಸ ಕಂಪ್ಯೂಟರ್‌ನಲ್ಲಿ ಪ್ರತಿಯೊಂದು ತಂತ್ರಾಂಶವೂ ತೆರೆದು ಕೆಲಸ ಮಾಡುವವರೆಗೆ ಹಳೆಯದನ್ನು ಅಳಿಸಬಾರದು.

ಲೈಸೆನ್ಸ್ ಇರುವುದು ಎಲ್ಲಿ?

ತಂತ್ರಾಂಶವನ್ನು ಇನ್‌ಸ್ಟಾಲ್ ಮಾಡಿ ಸೀರಿಯಲ್ ನಂಬರ್ ಕೊಟ್ಟಾಗ ಅದು ಮದರ್‌ಬೋರ್ಡ್, ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಮುಂತಾದ ಭಾಗಗಳ ಗುರುತುಗಳನ್ನು ಕೂಡಿಸಿ, ಆ ಯಂತ್ರವನ್ನು ಉಳಿದವುಗಳಿಂದ ಬೇರ್ಪಡಿಸುವ ಒಂದು ಸಂಕೇತವನ್ನು ತಯಾರಿಸಿ ಕಂಪನಿಯ ಸರ್ವರ್‌ಗೆ ಕಳಿಸುತ್ತದೆ. ಈ ಸೀರಿಯಲ್ ನಂಬರ್ ಇಂಥ ಯಂತ್ರದಲ್ಲಿ ಬಳಕೆಯಲ್ಲಿದೆ ಎಂದು ಸರ್ವರ್ ಬರೆದಿಟ್ಟುಕೊಳ್ಳುತ್ತದೆ. ಇದೇ ಆ್ಯಕ್ಟಿವೇಶನ್; ಆ ನಮೂದನ್ನು ತೆರವುಗೊಳಿಸುವುದು ಡಿಆ್ಯಕ್ಟಿವೇಶನ್. ಗ್ರಂಥಾಲಯದ ಕಾರ್ಡಿನ ಮೇಲೆ ತಂದ ಪುಸ್ತಕವನ್ನು ಹಿಂತಿರುಗಿಸುವ ತನಕ ಅದೇ ಕಾರ್ಡಿಗೆ ಇನ್ನೊಂದು ಪುಸ್ತಕ ಸಿಗದಂತೆ, ಹಳೆಯ ಯಂತ್ರದ ಹೆಸರಿನಲ್ಲಿರುವ ನಮೂದು ತೆರವಾಗುವವರೆಗೆ ಹೊಸ ಯಂತ್ರಕ್ಕೆ ಅನುಮತಿ ಸಿಗುವುದಿಲ್ಲ. ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದ ಮಾತ್ರಕ್ಕೆ ಸರ್ವರ್‌ನಲ್ಲಿರುವ ಆ ನಮೂದು ಅಳಿಯುವುದಿಲ್ಲ; ಅದನ್ನು ಅಳಿಸಲು ತಂತ್ರಾಂಶದೊಳಗಿದ್ದ ಬಟನ್ ಮಾತ್ರ ಡಿಸ್ಕಿನ ಜೊತೆಗೇ ಹೋಗಿಬಿಡುತ್ತದೆ.

ಪ್ರೋಗ್ರಾಂ ಫೈಲ್ಸ್ ಎಂಬ ಫೋಲ್ಡರನ್ನು ಹೊಸ ಯಂತ್ರಕ್ಕೆ ನಕಲು ಮಾಡಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಸಾಲದು. ತಂತ್ರಾಂಶದ ಭಾಗಗಳು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ, ಅಡಗಿಸಿಟ್ಟ ಫೋಲ್ಡರ್‌ಗಳಲ್ಲಿ, ಹಿನ್ನೆಲೆಯಲ್ಲಿ ನಡೆಯುವ ಸರ್ವೀಸ್‌ಗಳಲ್ಲಿ ಹರಡಿರುತ್ತವೆ. ಇಡೀ ಡಿಸ್ಕನ್ನೇ ಕ್ಲೋನ್ ಮಾಡಿ, ಅಂದರೆ ಇದ್ದಂತೆಯೇ ನಕಲಿಸಿ, ಹೊಸ ಯಂತ್ರಕ್ಕೆ ಹಾಕಿದರೆ ತಂತ್ರಾಂಶ ತೆರೆದೀತು, ಆದರೆ ಮದರ್‌ಬೋರ್ಡ್ ಬೇರೆಯಾದ್ದರಿಂದ ಸಂಕೇತ ಹೊಂದದೆ ಬಹುತೇಕ ಮತ್ತೆ ಆ್ಯಕ್ಟಿವೇಶನ್ ಕೇಳುತ್ತದೆ. ಮ್ಯಾಕ್ ಬಳಸುವವರಿಗೆ ಮೈಗ್ರೇಶನ್ ಅಸಿಸ್ಟೆಂಟ್ ಎಂಬ ಸೌಲಭ್ಯ ಆ್ಯಪ್‌ಗಳನ್ನೂ ಕಡತಗಳನ್ನೂ ಒಟ್ಟಿಗೆ ಸಾಗಿಸಿಕೊಡುತ್ತದೆ. ಅಲ್ಲಿಯೂ ಯಂತ್ರಕ್ಕೆ ಕಟ್ಟಿಹಾಕಿದ ಲೈಸೆನ್ಸ್‌ಗಳನ್ನು ಕೈಯಾರೆ ಬಿಡಿಸಿ ಕಟ್ಟಬೇಕಾಗುತ್ತದೆ.

ಮೊದಲು ಪಟ್ಟಿ ಮಾಡಿ

ಹಳೆಯ ಕಂಪ್ಯೂಟರ್‌ನ ಸೆಟ್ಟಿಂಗ್ಸ್‌ನಲ್ಲಿ ಇನ್‌ಸ್ಟಾಲ್ ಆಗಿರುವ ಆ್ಯಪ್‌ಗಳ ಪುಟವನ್ನು ತೆರೆದು, ಹಣ ಕೊಟ್ಟು ಪಡೆದವುಗಳ ಹೆಸರನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಪ್ರತಿಯೊಂದನ್ನೂ ತೆರೆದು, ಹೆಲ್ಪ್ ಮೆನುವಿನ ಅಬೌಟ್ ಎಂಬ ಕಿಟಕಿಯಲ್ಲಿ ಕಾಣುವ ಆವೃತ್ತಿ, ಸೀರಿಯಲ್ ನಂಬರ್, ಲೈಸೆನ್ಸ್ ಯಾರ ಹೆಸರಿನಲ್ಲಿದೆ ಎಂಬ ವಿವರಗಳ ಫೋಟೊವನ್ನು ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಖರೀದಿಯ ರಸೀದಿ, ಆರ್ಡರ್ ಸಂಖ್ಯೆ, ಕೊಳ್ಳುವಾಗ ಕೊಟ್ಟಿದ್ದ ಇಮೇಲ್ ವಿಳಾಸ ಇವು ಪಟ್ಟಿಯಲ್ಲಿ ಪಕ್ಕದಲ್ಲೇ ಇರಲಿ. ಪ್ಲಗಿನ್‌ಗಳು, ಕೊಂಡ ಫಾಂಟ್‌ಗಳು, ಸ್ಕ್ಯಾನರಿನ ಜೊತೆ ಬಂದ ಅಕ್ಷರ ಗುರುತಿಸುವ ತಂತ್ರಾಂಶ ಇವೆಲ್ಲ ಮರೆತುಹೋಗುವಂಥವು. ಅವಕ್ಕೂ ಪಟ್ಟಿಯಲ್ಲಿ ಜಾಗ ಕೊಡಿ.

ಉತ್ಪನ್ನದ ಕೀಲಿಸಂಖ್ಯೆಯನ್ನು, ಅಂದರೆ ಸೀರಿಯಲ್ ನಂಬರಿನಂತೆಯೇ ಬಳಸುವ ಪ್ರಾಡಕ್ಟ್ ಕೀಯನ್ನು, ಯಂತ್ರದೊಳಗಿಂದಲೇ ಹುಡುಕಿ ತೆಗೆಯಬಹುದು ಎಂಬ ನಂಬಿಕೆ ಎಲ್ಲ ಸಂದರ್ಭಕ್ಕೂ ಸರಿಯಲ್ಲ. ಮೈಕ್ರೋಸಾಫ್ಟ್ ಆಫೀಸ್‌ನ 2013 ಮತ್ತು ಆನಂತರದ ಆವೃತ್ತಿಗಳು 25 ಅಕ್ಷರಗಳ ಕೀಲಿಯಲ್ಲಿ ಕೊನೆಯ 5 ಅಕ್ಷರಗಳನ್ನು ಮಾತ್ರ ಯಂತ್ರದಲ್ಲಿ ಉಳಿಸಿಕೊಳ್ಳುತ್ತವೆ. ಮನೆಯಲ್ಲಿ ಕೀಲಿ ಮುದ್ರಿಸಿರುವ ಎರಡು ಮೂರು ಕಾರ್ಡ್‌ಗಳಿದ್ದು ಯಾವುದು ಯಾವ ಯಂತ್ರದ್ದು ಎಂಬ ಗೊಂದಲವಿದ್ದಾಗ ಹೊಂದಿಸಿ ನೋಡಲು ಆ 5 ಅಕ್ಷರಗಳು ನೆರವಾಗುತ್ತವೆಯೇ ಹೊರತು ಕಳೆದ ಕೀಲಿಯನ್ನು ಮರಳಿಸಿಕೊಡುವುದಿಲ್ಲ. ಕೀಲಿ ಹುಡುಕಿಕೊಡುತ್ತೇವೆ ಎಂದು ಹೇಳಿಕೊಳ್ಳುವ ಅಪರಿಚಿತ ತಂತ್ರಾಂಶಗಳನ್ನು ಇಳಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ತೀರಾ ಅಪಾಯಕಾರಿ. ಅವುಗಳಲ್ಲಿ ಕೆಲವು ಪಾಸ್‌ವರ್ಡ್ ಕದಿಯುವುದಕ್ಕೆಂದೇ ತಯಾರಾದವು.

ಲೈಸೆನ್ಸ್ ಯಾವ ಬಗೆಯದು?

ಕೊಂಡ ತಂತ್ರಾಂಶವನ್ನೆಲ್ಲ ಸಾಗಿಸಲು ಅನುಮತಿ ಇರುವುದಿಲ್ಲ ಎಂಬುದು ಅನೇಕರಿಗೆ ತಿಳಿಯುವುದು ಕೊನೆಯ ಹಂತದಲ್ಲಿ. ಇದಕ್ಕೆ ಒಳ್ಳೆಯ ಉದಾಹರಣೆ ವಿಂಡೋಸ್. ಕಂಪ್ಯೂಟರ್ ತಯಾರಕರೇ ಹಾಕಿಕೊಟ್ಟ ವಿಂಡೋಸ್ ಒಇಎಂ ಬಗೆಯದು. ಅದು ಆ ಯಂತ್ರದೊಂದಿಗೇ ಹುಟ್ಟಿ ಆ ಯಂತ್ರದೊಂದಿಗೇ ಮುಗಿಯುತ್ತದೆ. ಪ್ರತ್ಯೇಕವಾಗಿ ಕೊಂಡದ್ದು ರೀಟೇಲ್ ಬಗೆಯದು; ಹಳೆಯ ಯಂತ್ರದಿಂದ ತೆಗೆದು ನಿಮ್ಮದೇ ಇನ್ನೊಂದು ಯಂತ್ರದಲ್ಲಿ ಹಾಕಿಕೊಳ್ಳಲು ಅವಕಾಶವಿದೆ. ಸಂಸ್ಥೆಗಳು ಒಟ್ಟಾಗಿ ಕೊಳ್ಳುವ ವಾಲ್ಯೂಮ್ ಲೈಸೆನ್ಸ್ ಸಂಸ್ಥೆಯ ಸೊತ್ತು, ಅದನ್ನು ಸ್ವಂತ ಯಂತ್ರಕ್ಕೆ ಒಯ್ಯುವಂತಿಲ್ಲ.

ನಿಮ್ಮದು ಯಾವುದೆಂದು ನೋಡುವುದು ಸುಲಭ. ಸ್ಟಾರ್ಟ್ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷ್ ಅಕ್ಷರಗಳಾದ ಎಸ್, ಎಲ್, ಎಂ, ಜಿ, ಆರ್ ಇವುಗಳನ್ನು ಬಿಡದೆ ಒಟ್ಟಿಗೆ ಟೈಪ್ ಮಾಡಿ, ಒಂದು ಸ್ಥಳ ಬಿಟ್ಟು, ಓರೆಗೆರೆ (/) ಹಾಕಿ, ಅದಕ್ಕೆ ತಾಗಿ ಡಿ, ಎಲ್, ಐ ಎಂದು ಬರೆದು ಎಂಟರ್ ಒತ್ತಿ. ಕೆಲವು ಕ್ಷಣಗಳಲ್ಲಿ ಸಣ್ಣದೊಂದು ಕಿಟಕಿ ತೆರೆದು, ಅದರ ಎರಡನೆಯ ಸಾಲಿನ ಆಸುಪಾಸಿನಲ್ಲಿ ಒಇಎಂ, ರೀಟೇಲ್ ಅಥವಾ ವಾಲ್ಯೂಮ್ ಎಂಬ ಮಾತು ಕಾಣುತ್ತದೆ. ಒಇಎಂ ಎಂದಿದ್ದರೆ ವಿಂಡೋಸ್ ವಿಷಯವನ್ನು ಅಲ್ಲಿಗೇ ಬಿಡಿ; ಹೊಸ ಕಂಪ್ಯೂಟರ್ ಸಾಮಾನ್ಯವಾಗಿ ತನ್ನದೇ ವಿಂಡೋಸ್‌ನೊಂದಿಗೆ ಬರುತ್ತದೆ, ಅದರ ಕೀಲಿ ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲೇ, ಅಂದರೆ ಅದರೊಳಗೇ ಬರೆದಿಟ್ಟ ಮೂಲ ತಂತ್ರಾಂಶದಲ್ಲೇ, ಇರುತ್ತದೆ.

ಆಫೀಸ್‌ಗೂ ಇಂಥದೇ ಭೇದವಿದೆ. ಒಂದೇ ಸಲ ಹಣ ಕೊಟ್ಟು ಕೊಂಡ ರೀಟೇಲ್ ಆಫೀಸನ್ನು ನಿಮ್ಮದೇ ಬೇರೆ ಕಂಪ್ಯೂಟರ್‌ಗೆ ಸಾಗಿಸಬಹುದು, ಆದರೆ ಯಂತ್ರ ಕೆಟ್ಟ ಸಂದರ್ಭವನ್ನು ಬಿಟ್ಟರೆ 90 ದಿನಗಳಿಗೊಮ್ಮೆ ಮಾತ್ರ. ಯಂತ್ರದೊಂದಿಗೆ ಬಂದ ಆಫೀಸ್ ಆ ಯಂತ್ರದಲ್ಲೇ ಉಳಿಯುತ್ತದೆ.

ಚಂದಾ ರೂಪದ ತಂತ್ರಾಂಶಗಳು ಈ ವಿಷಯದಲ್ಲಿ ಹಗುರ. ಅಲ್ಲಿ ಲೈಸೆನ್ಸ್ ಇರುವುದು ವ್ಯಕ್ತಿಯ ಖಾತೆಗೆ. ಮೈಕ್ರೋಸಾಫ್ಟ್ 365ರ ವೈಯಕ್ತಿಕ ಚಂದಾದಾರರು ಏಕಕಾಲಕ್ಕೆ 5 ಸಾಧನಗಳಲ್ಲಿ ಸೈನ್ ಇನ್ ಆಗಿರಬಹುದು. ಅಡೋಬಿಯ ಕ್ರಿಯೇಟಿವ್ ಕ್ಲೌಡ್ 2 ಕಂಪ್ಯೂಟರ್‌ಗಳಲ್ಲಿ ಸಕ್ರಿಯವಾಗಿರಲು ಬಿಡುತ್ತದೆ, ಮೂರನೆಯದರಲ್ಲಿ ಸೈನ್ ಇನ್ ಮಾಡಿದರೆ ಮೊದಲಿನವುಗಳಿಂದ ಹೊರಬರಲು ಹೇಳುತ್ತದೆ.

ಹೊಸ ಯಂತ್ರವನ್ನು ಅಣಿಗೊಳಿಸುವುದು

ಡಿಆ್ಯಕ್ಟಿವೇಟ್ ಮಾಡುವ ಮುನ್ನ ಮುಗಿಸಬೇಕಾದ ಕೆಲಸಗಳಿವೆ. ಪಟ್ಟಿಯಲ್ಲಿರುವ ಪ್ರತಿಯೊಂದು ಕಂಪನಿಯ ವೆಬ್‌ಸೈಟಿಗೂ ಹೊಸ ಯಂತ್ರದಿಂದಲೇ ಲಾಗಿನ್ ಆಗಿ ನೋಡಿ. ಎಂದೋ ಬಿಟ್ಟ ಕೆಲಸದ ಇಮೇಲ್‌ಗೆ, ಈಗ ಬಳಕೆಯಲ್ಲಿಲ್ಲದ ಮೊಬೈಲ್ ಸಂಖ್ಯೆಗೆ ಒಟಿಪಿ ಹೋಗುವಂತಿದ್ದರೆ ಅದನ್ನು ಸರಿಪಡಿಸುವ ಅವಕಾಶ ಹಳೆಯ ಯಂತ್ರ ಲಾಗಿನ್ ಆಗಿರುವಾಗಲೇ ಇರುವುದು. ಲೈಸೆನ್ಸ್ ಸಾಗಣೆಯಲ್ಲಿ ಜನ ಹೆಚ್ಚು ಸಿಕ್ಕಿಹಾಕಿಕೊಳ್ಳುವುದು ಈ ಸಣ್ಣ ಸಂಗತಿಯಲ್ಲಿ ಎಂಬುದು ನನ್ನ ಅನುಭವ.

ಅನಂತರ ತಂತ್ರಾಂಶದ ಇನ್‌ಸ್ಟಾಲರ್ ಪಡೆಯಿರಿ. ನೀವು ಲೈಸೆನ್ಸ್ ಪಡೆದ ಆವೃತ್ತಿಯದೇ ಆಗಿರಬೇಕು. ಹೊಸ ಆವೃತ್ತಿಗೆ ಹಳೆಯ ಸೀರಿಯಲ್ ನಂಬರ್ ನಡೆಯದಿರಬಹುದು. ಕಂಪನಿಗಳು ಹಳೆಯ ಆವೃತ್ತಿಗಳನ್ನು ತಮ್ಮ ತಾಣದಿಂದ ಒಂದು ದಿನ ತೆಗೆದುಹಾಕುತ್ತವೆ, ಆದ್ದರಿಂದ ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಹೊಸ ಯಂತ್ರದಲ್ಲಿ ಆ ಆವೃತ್ತಿ ಓಡುತ್ತದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. 2019ರ ಮ್ಯಾಕ್‌ಓಎಸ್ ಕ್ಯಾಟಲೀನಾದಿಂದೀಚೆಗೆ ಹಳೆಯ ಬಗೆಯ 32 ಬಿಟ್ ಆ್ಯಪ್‌ಗಳು ಮ್ಯಾಕ್‌ನಲ್ಲಿ ತೆರೆಯುವುದೇ ಇಲ್ಲ. ಇಂಟೆಲ್‌ಗಿಂತ ಬೇರೆ ಬಗೆಯದಾದ ಎಆರ್‌ಎಂ ಪ್ರೊಸೆಸರ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಇಂಟೆಲ್‌ಗಾಗಿ ಬರೆದ ಹಲವು ತಂತ್ರಾಂಶಗಳು ಓಡುತ್ತವೆಯಾದರೂ ಅವುಗಳ ಡ್ರೈವರ್‌ಗಳು, ಅಂದರೆ ಜೋಡಿಸಿದ ಸಾಧನಗಳನ್ನು ನಡೆಸುವ ಸಹಾಯಕ ತಂತ್ರಾಂಶಗಳು, ಓಡುವುದಿಲ್ಲ. ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಲೈಸೆನ್ಸ್ ಕಡ್ಡಿ) ಬೇಡುವ ತಂತ್ರಾಂಶ ನಿಮ್ಮಲ್ಲಿದ್ದರೆ ಇಂಥ ಲ್ಯಾಪ್‌ಟಾಪ್ ಕೊಳ್ಳುವ ಮುನ್ನವೇ ತಯಾರಕರನ್ನು ಕೇಳಿ.

ನಿಮ್ಮ ಸೆಟ್ಟಿಂಗ್‌ಗಳು, ಟೆಂಪ್ಲೇಟ್‌ಗಳು, ನೀವೇ ಸೇರಿಸಿದ ಪದಗಳ ನಿಘಂಟು, ಬ್ರಷ್‌ಗಳು ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಇರುವುದು ಅಪರೂಪ. ಕೀಬೋರ್ಡಿನ ವಿಂಡೋಸ್ ಗುಂಡಿಯೊಂದಿಗೆ ಆರ್ ಅಕ್ಷರವನ್ನು ಒತ್ತಿ, ತೆರೆಯುವ ಪೆಟ್ಟಿಗೆಯಲ್ಲಿ ಶೇಕಡಾ ಚಿಹ್ನೆ, ಅದಕ್ಕೆ ತಾಗಿ ಇಂಗ್ಲಿಷಿನಲ್ಲಿ ಆ್ಯಪ್‌ಡೇಟಾ, ಮತ್ತೆ ಶೇಕಡಾ ಚಿಹ್ನೆ ಬರೆದು ಎಂಟರ್ ಒತ್ತಿದರೆ, ಸಾಮಾನ್ಯವಾಗಿ ಕಣ್ಣಿಗೆ ಕಾಣದ ಫೋಲ್ಡರ್ ತೆರೆದುಕೊಳ್ಳುತ್ತದೆ. ಅಲ್ಲಿ ಆಯಾ ಕಂಪನಿಯ ಹೆಸರಿನ ಫೋಲ್ಡರನ್ನು ಪ್ರತಿ ಮಾಡಿಟ್ಟುಕೊಳ್ಳಿ. ತಂತ್ರಾಂಶದಲ್ಲೇ ಸೆಟ್ಟಿಂಗ್‌ಗಳನ್ನು ಎಕ್ಸ್‌ಪೋರ್ಟ್ ಮಾಡುವ ಸೌಲಭ್ಯವಿದ್ದರೆ ಅದೇ ಉತ್ತಮ, ಏಕೆಂದರೆ ಫೋಲ್ಡರನ್ನು ಇಡಿಯಾಗಿ ತಂದು ಸುರಿದರೆ ಹಳೆಯ ಯಂತ್ರದ ಲೈಸೆನ್ಸ್ ಕುರುಹುಗಳೂ ಜೊತೆಗೆ ಬಂದು ಹೊಸ ಆ್ಯಕ್ಟಿವೇಶನ್ನಿಗೆ ತೊಡಕಾಗಬಹುದು.

ಇಷ್ಟಾದ ಮೇಲೆ ತಂತ್ರಾಂಶವನ್ನು ಹೊಸ ಯಂತ್ರದಲ್ಲಿ ಇನ್‌ಸ್ಟಾಲ್ ಮಾಡಿ, ಆದರೆ ಸೀರಿಯಲ್ ನಂಬರ್ ಕೊಡದೆ ಟ್ರಯಲ್ ಆಗಿ ತೆರೆಯಿರಿ. ನಿಮ್ಮ ಹಳೆಯ ಕಡತವೊಂದನ್ನು ತೆರೆದು, ತಿದ್ದಿ, ಸೇವ್ ಮಾಡಿ ನೋಡಿ. ತೊಂದರೆಯೇನಾದರೂ ಕಂಡರೆ ಲೈಸೆನ್ಸ್ ಇನ್ನೂ ಹಳೆಯ ಯಂತ್ರದಲ್ಲೇ ಇರುವುದರಿಂದ ನಿಮ್ಮ ಕೆಲಸ ನಿಲ್ಲುವುದಿಲ್ಲ. ಟ್ರಯಲ್ ಸೌಲಭ್ಯವಿಲ್ಲದ ತಂತ್ರಾಂಶಗಳಲ್ಲಿ ಇದು ಸಾಧ್ಯವಿಲ್ಲ. ಅವನ್ನು ಕೆಲಸದ ಒತ್ತಡವಿಲ್ಲದ ದಿನಕ್ಕೆ ಇಟ್ಟುಕೊಳ್ಳಿ.

ಬಿಡಿಸಿ ಕಟ್ಟುವುದು

ಈಗ ಹಳೆಯ ಯಂತ್ರಕ್ಕೆ ಬನ್ನಿ. ಅದು ಇಂಟರ್‌ನೆಟ್‌ಗೆ ಸಂಪರ್ಕಗೊಂಡಿರಬೇಕು. ತಂತ್ರಾಂಶದ ಹೆಲ್ಪ್ ಅಥವಾ ಅಕೌಂಟ್ ಮೆನುವಿನಲ್ಲಿ ಡಿಆ್ಯಕ್ಟಿವೇಟ್, ರಿಲೀಸ್, ಸೈನ್ ಔಟ್ ಎಂಬ ಆಯ್ಕೆಗಳಲ್ಲಿ ಒಂದು ಇರುತ್ತದೆ. ಟ್ಯಾಲಿಯಲ್ಲಿ ಇದನ್ನು ಸರೆಂಡರ್ ಎನ್ನುತ್ತಾರೆ, ಅದನ್ನು ಮಾಡಿದ ಮೇಲೆಯೇ ಅದೇ ಲೈಸೆನ್ಸನ್ನು ಬೇರೆ ಯಂತ್ರದಲ್ಲಿ ಆ್ಯಕ್ಟಿವೇಟ್ ಮಾಡಬಹುದು. ಕೆಲಸ ಯಶಸ್ವಿಯಾಯಿತು ಎಂಬ ಸಂದೇಶ ತೆರೆಯ ಮೇಲೆ ಬರುವವರೆಗೆ ಕಾದು, ಅದರ ಫೋಟೊ ತೆಗೆದುಕೊಳ್ಳಿ. ಬರಿಯ ಅನ್‌ಇನ್‌ಸ್ಟಾಲ್ ಡಿಆ್ಯಕ್ಟಿವೇಶನ್ನಿಗೆ ಸಮವಲ್ಲ. ಕೆಲವು ತಂತ್ರಾಂಶಗಳು ಅನ್‌ಇನ್‌ಸ್ಟಾಲ್ ಮಾಡುವಾಗ ಲೈಸೆನ್ಸ್ ಬಿಡಬೇಕೇ ಎಂದು ಕೇಳುತ್ತವೆ, ಹಲವು ಕೇಳುವುದಿಲ್ಲ. ತಕ್ಷಣ ಹೊಸ ಯಂತ್ರದಲ್ಲಿ ಸೀರಿಯಲ್ ನಂಬರ್ ಕೊಟ್ಟು ಅಥವಾ ಸೈನ್ ಇನ್ ಆಗಿ ಆ್ಯಕ್ಟಿವೇಟ್ ಮಾಡಿ. ಒಂದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಿ. ಎಲ್ಲವನ್ನೂ ಒಮ್ಮೆಗೇ ಬಿಡಿಸಿದರೆ, ನಡುವೆ ತೊಡಕು ಬಂದಾಗ ಎರಡೂ ಯಂತ್ರಗಳಲ್ಲಿ ಕೆಲಸ ನಿಲ್ಲುತ್ತದೆ.

ಎಂಜಿನಿಯರಿಂಗ್ ಹಾಗೂ ವೈಜ್ಞಾನಿಕ ತಂತ್ರಾಂಶಗಳಲ್ಲಿ ಅನೇಕವು ಲೈಸೆನ್ಸ್ ಫೈಲ್ ಎಂಬ ಕಡತವನ್ನು ಬಳಸುತ್ತವೆ. ಅದರೊಳಗೆ ಯಂತ್ರದ ಗುರುತಾಗಿ ಸಾಮಾನ್ಯವಾಗಿ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸ, ಅಂದರೆ 12 ಅಂಕಿ–ಅಕ್ಷರಗಳ ಸಂಖ್ಯೆ ಇರುತ್ತದೆ (ಆ್ಯಪಲ್‌ನ ಮ್ಯಾಕ್ ಕಂಪ್ಯೂಟರ್‌ಗೂ ಇದಕ್ಕೂ ಸಂಬಂಧವಿಲ್ಲ). ಕಡತಕ್ಕೆ ಡಿಜಿಟಲ್ ಸಹಿ ಇರುವುದರಿಂದ ನೋಟ್‌ಪ್ಯಾಡಿನಲ್ಲಿ ತೆರೆದು ಹಳೆಯ ಸಂಖ್ಯೆಯ ಜಾಗದಲ್ಲಿ ಹೊಸದನ್ನು ಬರೆದರೆ ಕಡತವೇ ನಿರುಪಯುಕ್ತವಾಗುತ್ತದೆ. ಹೊಸ ಯಂತ್ರದ ಮ್ಯಾಕ್ ವಿಳಾಸವನ್ನು ಕಂಪನಿಗೆ ಕಳಿಸಿ ಬದಲಿ ಕಡತ ಪಡೆಯಬೇಕು. ಇದನ್ನು ರೀಹೋಸ್ಟ್ ಎನ್ನುತ್ತಾರೆ. ಲ್ಯಾಪ್‌ಟಾಪ್‌ಗಳಲ್ಲಿ ವೈಫೈಗೊಂದು, ಕೇಬಲ್ ಪೋರ್ಟಿಗೊಂದು, ಪೋರ್ಟ್‌ಗಳನ್ನು ಹೆಚ್ಚಿಸಲು ಹೊರಗಿನಿಂದ ಜೋಡಿಸುವ ಡಾಕ್‌ಗೊಂದು ಹೀಗೆ ಹಲವು ಮ್ಯಾಕ್ ವಿಳಾಸಗಳಿರುವುದರಿಂದ ಎಚ್ಚರ ಅಗತ್ಯ. ಡಾಕ್‌ನ ಸಂಖ್ಯೆಯನ್ನು ಕೊಟ್ಟುಬಿಟ್ಟರೆ ಡಾಕ್ ಕಳಚಿದ ದಿನ ತಂತ್ರಾಂಶ ತೆರೆಯುವುದಿಲ್ಲ. ಯಂತ್ರದೊಳಗೇ ಕೂಡಿಸಿರುವ ಕಾರ್ಡಿನ ಸಂಖ್ಯೆಯನ್ನೇ ಕೊಡಿ.

ಯುಎಸ್‌ಬಿ ಡಾಂಗಲ್ ಇರುವ ತಂತ್ರಾಂಶಗಳಲ್ಲಿ ಡಾಂಗಲ್ಲೇ ಲೈಸೆನ್ಸ್. ಹೊಸ ಯಂತ್ರದಲ್ಲಿ ಮೊದಲು ಅದರ ಡ್ರೈವರ್ ಹಾಕಿ, ಆಮೇಲೆ ಡಾಂಗಲ್ ಚುಚ್ಚಿದರೆ ಸಾಕು.

ರೀಟೇಲ್ ವಿಂಡೋಸ್ ಸಾಗಿಸುವವರು ಹಳೆಯ ಯಂತ್ರದಲ್ಲಿ, ಆಗ ಹೇಳಿದ ಆಜ್ಞೆಯಲ್ಲೇ ಡಿ, ಎಲ್, ಐ ಬದಲಿಗೆ ಯು, ಪಿ, ಕೆ ಎಂದು ಬರೆದು ಕೀಲಿಯನ್ನು ತೆಗೆಯಬೇಕು. ಇದಕ್ಕೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದಿರಬೇಕು. ಇದು ಆ ಯಂತ್ರದಿಂದ ಕೀಲಿಯನ್ನು ತೆಗೆಯುತ್ತದೆಯೇ ವಿನಾ ಮೈಕ್ರೋಸಾಫ್ಟ್ ಸರ್ವರ್‌ಗೆ ಸುದ್ದಿ ಮುಟ್ಟಿಸುವುದಿಲ್ಲ. ಹೊಸ ಯಂತ್ರ ಕೀಲಿಯನ್ನು ಒಪ್ಪದಿದ್ದರೆ ಸೆಟ್ಟಿಂಗ್ಸ್‌ನ ಆ್ಯಕ್ಟಿವೇಶನ್ ಪುಟದಲ್ಲಿರುವ ಟ್ರಬಲ್‌ಶೂಟರ್ ಬಳಸಿ, ಯಂತ್ರಾಂಶ ಬದಲಾಗಿದೆ ಎಂಬ ಆಯ್ಕೆಯನ್ನು ಒತ್ತಿ.

ಹಳೆಯ ಯಂತ್ರ ಕೆಟ್ಟುಹೋಗಿದ್ದರೆ

ಆಗಲೂ ದಾರಿ ಮುಚ್ಚಿರುವುದಿಲ್ಲ. ಹಲವು ಕಂಪನಿಗಳ ವೆಬ್‌ಸೈಟಿನಲ್ಲಿ ಖಾತೆಗೆ ಹೋಗಿ, ಸಾಧನಗಳ ಪಟ್ಟಿಯಿಂದ ಹಳೆಯ ಯಂತ್ರದ ಹೆಸರನ್ನು ತೆಗೆದುಹಾಕಬಹುದು. ಆ್ಯಂಟಿವೈರಸ್ ತಂತ್ರಾಂಶಗಳಲ್ಲಿ ಇದೇ ಸಾಮಾನ್ಯ ವಿಧಾನ. ಸಂಗೀತ, ಚಲನಚಿತ್ರಗಳಂಥ ಖರೀದಿಗಳಿಗೆ ಆ್ಯಪಲ್ ಖಾತೆಗಿರುವ 5 ಕಂಪ್ಯೂಟರ್‌ಗಳ ಮಿತಿ ತುಂಬಿಹೋಗಿದ್ದರೆ ಎಲ್ಲವನ್ನೂ ಒಟ್ಟಿಗೆ ರದ್ದುಪಡಿಸುವ ಸೌಲಭ್ಯವಿದ್ದು, ಅದನ್ನು ವರ್ಷಕ್ಕೊಮ್ಮೆ ಬಳಸಬಹುದು.

ಇಂಥ ಸೌಲಭ್ಯವಿಲ್ಲದಿದ್ದರೆ ಕಂಪನಿಯ ಸಹಾಯ ವಿಭಾಗಕ್ಕೆ ಬರೆಯಿರಿ. ತಂತ್ರಾಂಶದ ಹೆಸರು ಮತ್ತು ಆವೃತ್ತಿ, ಸೀರಿಯಲ್ ನಂಬರ್, ಆರ್ಡರ್ ಸಂಖ್ಯೆ, ನೋಂದಾಯಿತ ಇಮೇಲ್, ಯಂತ್ರ ಕೆಟ್ಟ ಕಾರಣ ಇಷ್ಟನ್ನೂ ಮೊದಲ ಪತ್ರದಲ್ಲೇ ಕೊಟ್ಟು, ಆ್ಯಕ್ಟಿವೇಶನ್ ಎಣಿಕೆಯನ್ನು ರೀಸೆಟ್ ಮಾಡಿಕೊಡಿ ಎಂದು ಸ್ಪಷ್ಟವಾಗಿ ಕೇಳಿ. ರಸೀದಿಯ ಪ್ರತಿಯನ್ನು ಲಗತ್ತಿಸಿ. ಪ್ರಾಮಾಣಿಕವಾಗಿ ಕೊಂಡವರಿಗೆ ಇದು ನ್ಯಾಯವಾದ ಬೇಡಿಕೆ, ಕೇಳಲು ಸಂಕೋಚಪಡಬೇಕಾಗಿಲ್ಲ.

ಹಳೆಯದನ್ನು ಅಳಿಸುವುದು

ಹೊಸ ಯಂತ್ರದಲ್ಲಿ ಒಂದೆರಡು ವಾರ ನಿತ್ಯದ ಕೆಲಸ ಮಾಡಿ. ತಿಂಗಳಿಗೊಮ್ಮೆ ಮಾತ್ರ ಬೇಕಾಗುವ ತಂತ್ರಾಂಶಗಳನ್ನೂ ನೆನಪಿಟ್ಟು ತೆರೆದು ನೋಡಿ. ಮುದ್ರಿಸಿ, ಸ್ಕ್ಯಾನ್ ಮಾಡಿ, ಲೆಕ್ಕದ ವರದಿ ತೆಗೆಯಿರಿ. ಪಟ್ಟಿಯ ಪ್ರತಿ ಹೆಸರಿನ ಮುಂದೆಯೂ ಗುರುತು ಬಿದ್ದ ಮೇಲೆ ಹಳೆಯ ಯಂತ್ರದಲ್ಲಿ ಬ್ರೌಸರ್ ಖಾತೆಗಳಿಂದ ಸೈನ್ ಔಟ್ ಆಗಿ, ಸೆಟ್ಟಿಂಗ್ಸ್‌ನ ರಿಕವರಿ ಪುಟದಲ್ಲಿ ರೀಸೆಟ್ ಆಯ್ದು, ಎಲ್ಲವನ್ನೂ ತೆಗೆದುಹಾಕುವ ಆಯ್ಕೆಯ ಜೊತೆಗೆ ಡ್ರೈವ್ ಶುಚಿಗೊಳಿಸುವ ಆಯ್ಕೆಯನ್ನೂ ಒತ್ತಿ. ಯಂತ್ರ ಬೇರೆಯವರ ಕೈ ಸೇರಿದ ಮೇಲೆ ನಿಮ್ಮ ಮೈಕ್ರೋಸಾಫ್ಟ್ ಖಾತೆಯ ಸಾಧನಗಳ ಪಟ್ಟಿಯಿಂದ ಅದರ ಹೆಸರನ್ನು ತೆಗೆಯಿರಿ. ಸೀರಿಯಲ್ ನಂಬರ್‌ಗಳ ಪಟ್ಟಿ, ರಸೀದಿಗಳು, ಇನ್‌ಸ್ಟಾಲರ್ ಇರುವ ಪೆನ್‌ಡ್ರೈವ್ ಇವನ್ನು ಒಂದೇ ಕಡೆ ಇಟ್ಟು, ಲೈಸೆನ್ಸ್ ಯಾವ ದಿನ ಯಾವ ಯಂತ್ರಕ್ಕೆ ಬಂತು ಎಂಬುದನ್ನು ಆ ಪಟ್ಟಿಯಲ್ಲೇ ಬರೆದಿಡಿ; 90 ದಿನಗಳಂಥ ಮಿತಿ ಇರುವ ಲೈಸೆನ್ಸ್‌ಗಳಿಗೆ ಆ ದಿನಾಂಕ ಬೇಕಾಗುತ್ತದೆ.