ಎಂಟು ತಿಂಗಳು ಬರೀ ಇಳಿಯುವ ಪಾಠ

2016ರ ಆಗಸ್ಟ್ 14ರ ರಾತ್ರಿ ರಿಯೋ ಒಲಿಂಪಿಕ್ಸ್‌ನ ಜಿಮ್ನಾಸ್ಟಿಕ್ಸ್‌ನಲ್ಲಿ, ಓಡಿಬಂದು ಟೇಬಲ್ ಮೇಲೆ ಕೈಯೂರಿ ಹಾರುವ ವಾಲ್ಟ್ ಸ್ಪರ್ಧೆಯ ಫೈನಲ್‌ನಲ್ಲಿ ಅಗರ್ತಲಾದ ದೀಪಾ ಕರ್ಮಾಕರ್ ನಾಲ್ಕನೆಯವರಾದರು. ಅದೇ ವಾರ ದಾವಣಗೆರೆಯ ಹಳೆಯ ಗರಡಿಮನೆಯೊಂದರಲ್ಲಿ ನಾನು ನಡೆಸುತ್ತಿದ್ದ ಜಿಮ್ನಾಸ್ಟಿಕ್ಸ್ ತರಗತಿಗೆ ಸುಮಾರು ಮೂವತ್ತು ಹೆಣ್ಣುಮಕ್ಕಳು ಬಂದು ಸೇರಿದರು. ಅದಕ್ಕೆ ಮುಂಚೆ ನನ್ನಲ್ಲಿದ್ದವರು ಏಳೋ ಎಂಟೋ ಮಂದಿ. ಎಲ್ಲರದೂ ಒಂದೇ ಪ್ರಶ್ನೆ: "ಸರ್, ಪ್ರೊಡುನೋವಾ ಯಾವಾಗ ಕಲಿಸ್ತೀರಿ?"

ಪ್ರೊಡುನೋವಾ ಎಂದರೆ ದೀಪಾ ಅಂದು ಮಾಡಿದ, ಗಾಳಿಯಲ್ಲಿ ಎರಡು ಮುಂಪಲ್ಟಿ ಹೊಡೆಯುವ ಜಿಗಿತ. ನನ್ನ ಕಣ್ಣಿಗೆ ಬಿದ್ದದ್ದು ಆ ಜಿಗಿತದ ಕೊನೆ. ಡಿಫಿಕಲ್ಟಿ, ಅಂದರೆ ಕಷ್ಟದ ಮಟ್ಟಕ್ಕೆ ಕೊಡುವ ಅಂಕ, 7.0 ಇದ್ದ ಆ ಎರಡು ಪಲ್ಟಿಗಳನ್ನು ಪೂರೈಸಿದ ದೀಪಾ, ಇಳಿಯುವಾಗ ಮ್ಯಾಟಿಗೆ ತಾಗುವಷ್ಟು ತಗ್ಗಿ ಕುಸಿದಿದ್ದರು. ಎರಡು ಜಿಗಿತಗಳಲ್ಲಿ ಅವರ ಸರಾಸರಿ ಅಂಕ 15.066, ಕಂಚು ಪಡೆದ ಸ್ವಿಟ್ಜರ್ಲೆಂಡಿನ ಜೂಲಿಯಾ ಸ್ಟೈನ್‌ಗ್ರೂಬರ್ ಅವರದು 15.216. ಆ 0.150 ಅಂಕ ಕೈತಪ್ಪಿದ್ದು ನೆಲದಲ್ಲೇ ಎಂಬುದು ನನ್ನ ಎಣಿಕೆ. ಆದ್ದರಿಂದ ಎಂಟು ತಿಂಗಳು ಯಾರೂ ಟೇಬಲ್ ಮುಟ್ಟಬಾರದು, ಪೆಟ್ಟಿಗೆಯ ಮೇಲಿಂದ ಹಾರಿ ಇಳಿಯುವುದನ್ನಷ್ಟೇ ಮಾಡಬೇಕು ಎಂದು ಕಟ್ಟುನಿಟ್ಟು ಮಾಡಿದೆ. ಮಗಳನ್ನು ಮೆಟ್ಟಿಲು ಹತ್ತಿಳಿಸಲು ಕಳಿಸಿದ್ದೇವೆಯೇ ಎಂದು ಪೋಷಕರು ಕೇಳಿದರು. ಜೊತೆಯ ತರಬೇತುದಾರರು ನಕ್ಕರು. ದೀಪಾವಳಿ ಕಳೆಯುವಷ್ಟರಲ್ಲಿ ಹನ್ನೊಂದು ಮಕ್ಕಳು ಉಳಿದರು. ತಲೆಗೆ ಮುನ್ನೂರು ರೂಪಾಯಿ ಶುಲ್ಕವಿದ್ದ ಕಾಲದಲ್ಲಿ ಅದು ಸಣ್ಣ ನಷ್ಟವಲ್ಲ.

ದೀಪಾ ಅವರ ಗುರು ಬಿಶ್ವೇಶ್ವರ ನಂದಿಯವರು ಹಳೆಯ ಸ್ಕೂಟರಿನ ಬಿಡಿಭಾಗಗಳಿಂದ ವಾಲ್ಟ್ ಉಪಕರಣ ಮಾಡಿಕೊಂಡಿದ್ದರೆಂದು ಓದಿ, ನಾನೂ ಗುಜರಿಯಿಂದ ಶಾಕ್ ಅಬ್ಸಾರ್ಬರ್ ತಂದು ಸ್ಪ್ರಿಂಗ್‌ಬೋರ್ಡ್ ಕಟ್ಟಿಸಿದೆ. ಎರಡನೆಯ ದಿನವೇ ಅದು ಒಂದು ಬದಿಗೆ ಚಿಮ್ಮಿ ನನ್ನ ಕಣಕಾಲು ಉಳುಕಿತು. ನಾಲ್ಕು ಸಾವಿರ ನೀರುಪಾಲು. ಬಿದ್ದರೂ ಪೆಟ್ಟಾಗದಂತೆ ಮಾಡುವ ಫೋಮ್ ಗುಂಡಿಗೆ ಸೋಫಾ ಅಂಗಡಿಗಳ ಸ್ಪಂಜಿನ ಚೂರು ತುಂಬಿಸಿದೆ; ಅದಕ್ಕೆ ಹದಿನೆಂಟು ಸಾವಿರದ ಹತ್ತಿರ ಹಿಡಿಯಿತು. ಮೊದಲ ಮಳೆಗಾಲದಲ್ಲೇ ಅದು ತೇವ ಹೀರಿ ಹೆಂಟೆಯಾಗಿ, ಅಡಿಯಲ್ಲಿ ಇಲಿ ಮರಿ ಹಾಕಿತು. ಈಗ ಚೂರುಗಳನ್ನು ಬೇರೆ ಕ್ರಮದಲ್ಲಿ ಜೋಡಿಸುತ್ತೇನೆ. ಆ ಕ್ರಮವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ನಿಜವಾಗಿ ಕೈಹಿಡಿದದ್ದು ಕಪ್ಪು ರಬ್ಬರ್ ಹಾಳೆ. ಅಂಗಾಲಿಗೆ ಚಾಕ್‌ಪುಡಿ ಬಳಿದು ಅದರ ಮೇಲೆ ಇಳಿಸಿದರೆ ಯಾವ ಹಿಮ್ಮಡಿ ಮೊದಲು ತಾಗಿತು, ಬೆರಳುಗಳು ಎತ್ತ ತಿರುಗಿದವು ಎಂಬುದು ಬಿಳಿಯಾಗಿ ಮೂಡುತ್ತದೆ. ಬೈಯುವ ಪ್ರಮೇಯವೇ ಇಲ್ಲ, ಮಗುವೇ ಬಗ್ಗಿ ನೋಡಿ ಸರಿಪಡಿಸಿಕೊಳ್ಳುತ್ತದೆ. ನಡುವೆ ಮೊಣಕಾಲು ಗಟ್ಟಿಯಾಗಲೆಂದು ಗರಡಿಯ ಕೆಮ್ಮಣ್ಣಿನ ಮೇಲೂ ಇಳಿಸಿ ನೋಡಿದೆ. ಕಾಲು ಹೂತು ಅಭ್ಯಾಸವೇ ಕೆಟ್ಟಿತು, ಬಿಟ್ಟುಬಿಟ್ಟೆ.

2017ರಲ್ಲಿ ದೀಪಾ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಒಳಗಾದಾಗ ಇಳಿಯುವ ಪಾಠದ ಬಗ್ಗೆ ಮಕ್ಕಳ ಪೋಷಕರ ಗೊಣಗಾಟ ನಿಂತಿತು. 2018ರಲ್ಲಿ ದೀಪಾ ಟರ್ಕಿಯ ಮರ್ಸಿನ್‌ನಲ್ಲಿ ಚಿನ್ನ ಗೆದ್ದ ಮರುವರ್ಷ, ನನ್ನ ಹನ್ನೊಂದರಲ್ಲಿ ಒಬ್ಬಳು ಸರಳವಾದ ಜಿಗಿತ ಮಾಡಿ, ಒಂದು ಹೆಜ್ಜೆಯೂ ಅಲುಗದೆ ಇಳಿದು ರಾಜ್ಯಮಟ್ಟದಲ್ಲಿ ಕಂಚು ತಂದಳು. ನಕ್ಕಿದ್ದವರಲ್ಲಿ ಇಬ್ಬರು ಆಮೇಲೆ ರಬ್ಬರ್ ಹಾಳೆಯ ಅಳತೆ ಕೇಳಿಕೊಂಡು ಬಂದರು, ಅಳತೆ ಕೊಟ್ಟೆ.

ರಿಯೋ ನಂತರ ದೀಪಾ ಅವರಿಗೆ ಬಿಎಂಡಬ್ಲ್ಯು ಕಾರು ಸಿಕ್ಕಿತು, ಅಗರ್ತಲಾದಲ್ಲಿ ಅದನ್ನು ಸಂಭಾಳಿಸುವುದೇ ಕಷ್ಟವಾಗಿ ಬದಲಿಗೆ ಬೇರೆ ಕಾರು ಕೊಂಡರು. ನಮಗೆ ಸಿಕ್ಕಿದ್ದು ಮೈಸೂರು ಪೇಟ, ಹಣ್ಣಿನ ಬುಟ್ಟಿ, ಏಳೆಂಟು ಸನ್ಮಾನಗಳ ಶಾಲುಗಳು. ಒಂದು ಮ್ಯಾಟ್ ಕೊಡಿಸುತ್ತೇನೆಂದವರು ಯಾರೂ ಇಲ್ಲ. ಆ ಶಾಲುಗಳನ್ನು ಜೋಡಿಸಿ ಹೊಲಿಸಿದ್ದೇನೆ, ರಾತ್ರಿ ಫೋಮ್ ಗುಂಡಿಗೆ ದೂಳು ಬೀಳದಂತೆ ಹೊದಿಸಲು.