ವಜ್ರದ ಕಟ್ ನೋಡೋಕೆ ಅಂಗಡಿ ಲೈಟ್ ಬೇಡ

ಹೊಸ ವಜ್ರದ ಉಂಗುರದ ಕಟ್, ಅಂದರೆ ಕಲ್ಲನ್ನು ಕತ್ತರಿಸಿ ಮುಖ ಕೊಟ್ಟ ರೀತಿ, ಹೇಗಿದೆ ಅಂತ ತಿಳಿಯಬೇಕಾ? ಮರದ ನೆರಳಲ್ಲಿ, ಕಣ್ಣಿಂದ ಒಂದು ಅಡಿ ದೂರ ಹಿಡಿದು ನೇರ ಮೇಲಿಂದ ನೋಡಿ. ಅಂಗಡಿಯ ಸ್ಪಾಟ್‌ಲೈಟಿನಲ್ಲಿ ಎಂಥ ಕಲ್ಲೂ ಮಿಂಚುತ್ತದೆ, ಅದನ್ನು ನಂಬಬೇಡಿ. ದುಂಡು ಕಲ್ಲಿನ ತಳದ (ಚೂಪಾದ ಕೆಳಭಾಗದ) ಇಳಿಜಾರಿನ ಕೋನ ಸುಮಾರು 41 ಡಿಗ್ರಿ ಇದ್ದರೆ ಬೆಳಕು ಒಳಗೇ ತಿರುಗಿ ಮೇಲೆ ಬರುತ್ತದೆ, ಅಂಚಿನವರೆಗೂ ಹೊಳಪು ಕಾಣುತ್ತದೆ. ನಡುವೆ ಕಪ್ಪು ಕಂಡರೆ ತಳ ಜಾಸ್ತಿ ಆಳ. ಮೇಲಿನ ಚಪ್ಪಟೆ ಮುಖದೊಳಗೆ ಬೂದು ಬಳೆಯಂತೆ ಕಂಡರೆ ತಳ ತೆಳು. ತೀರಾ ಹತ್ತಿರ ಹಿಡಿದರೆ ನಿಮ್ಮ ತಲೆಯ ನೆರಳೇ ಕಪ್ಪಾಗಿ ಕಾಣುತ್ತದೆ, ಹುಷಾರು! ಮೊದಲು ಸೋಪು ನೀರಿನಲ್ಲಿ ಮೆದು ಬ್ರಷ್‌ನಿಂದ ತೊಳೆಯಿರಿ. ಎಣ್ಣೆ ಜಿಡ್ಡಿದ್ದರೆ ಒಳ್ಳೆ ಕಲ್ಲೂ ಮಂಕು. ಹಿಂಬದಿ ಮುಚ್ಚಿ ಕಟ್ಟಿದ ಹಳೇ ಓಲೆಗೆ, ಓವಲ್ ಕಲ್ಲಿಗೆ ಈ ಲೆಕ್ಕ ಸರಿಯಾಗಿ ಹೊಂದಲ್ಲ.