ವಯಸ್ಸಾದ ಮೇಲೆ ವರ್ಷವರ್ಷದ ಫ್ಲೂ ಲಸಿಕೆ: ನಾನು ತೀರ್ಮಾನಿಸುವ ಬಗೆ

ಫ್ಲೂ ಲಸಿಕೆಯ ಮಾತು ಬಂದಾಗ ಹಿರಿಯರು ಮೊದಲು ಕೇಳುವುದು ಒಂದೇ: "ಹಾಕಿಸಿಕೊಂಡರೆ ಫ್ಲೂ ಬರೋದೇ ಇಲ್ವಾ?" ಬರಬಹುದು. ಲಸಿಕೆ ಹಾಕುವ ಕೆಲಸದಲ್ಲಿರುವ ನಾನು ಇದನ್ನು ಮುಚ್ಚಿಡುವುದಿಲ್ಲ. ಲಸಿಕೆಯ ತಳಿಗಳಿಗೂ ಊರಲ್ಲಿ ಹರಡಿದ ತಳಿಗಳಿಗೂ ಚೆನ್ನಾಗಿ ತಾಳೆಯಾದ ವರ್ಷಗಳಲ್ಲೂ, ಎಲ್ಲ ವಯಸ್ಸಿನವರನ್ನೂ ಸೇರಿಸಿ ನೋಡಿದರೆ, ವೈದ್ಯರ ಬಳಿ ಹೋಗಬೇಕಾಗುವಂಥ ಫ್ಲೂ ಕಡಿಮೆಯಾಗುವುದು ಶೇ. 40ರಿಂದ 60ರಷ್ಟು. 65 ದಾಟಿದವರಲ್ಲಿ, ಅದರಲ್ಲೂ ಎಚ್3ಎನ್2 ತಳಿಯ ಹಾವಳಿ ಇದ್ದ ವರ್ಷಗಳಲ್ಲಿ, ರಕ್ಷಣೆ ಇನ್ನೂ ಕಡಿಮೆ. ಇಷ್ಟೆಲ್ಲ ಗೊತ್ತಿದ್ದೂ ನಾನು ಪ್ರತಿ ವರ್ಷ ಹಾಕಿಸಿಕೊಳ್ಳುತ್ತೇನೆ. ಫ್ಲೂ ಬಂದೇ ಬಂತು ಅಂತಿಟ್ಟುಕೊಳ್ಳಿ, ಈ ದೇಹ ಅದನ್ನು ತಡೆದುಕೊಂಡು ಮತ್ತೆ ಮೊದಲಿನಂತೆ ಓಡಾಡುತ್ತದೆಯೇ? ನನ್ನ ತೀರ್ಮಾನ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಮೊದಲು ಲಾಭದ ಅಳತೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2018ರ ಪರಾಮರ್ಶೆ 65 ಮೀರಿದವರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ಲಸಿಕೆ ಇಲ್ಲದ ನೂರು ಜನರಲ್ಲಿ ಒಂದು ಋತುವಿನಲ್ಲಿ ಸುಮಾರು 6 ಮಂದಿಗೆ ಫ್ಲೂ ಬಂದರೆ, ಲಸಿಕೆ ಪಡೆದ ನೂರರಲ್ಲಿ ಎರಡೂವರೆ ಮಂದಿಗೆ ಬಂತು. ಅಂದರೆ ಒಬ್ಬರ ಫ್ಲೂ ತಪ್ಪಿಸಲು 30 ಮಂದಿಗೆ ಸೂಜಿ ಚುಚ್ಚಬೇಕು. ಈ ಲೆಕ್ಕ ಕೇಳಿ "ಇಷ್ಟೇನಾ" ಅನ್ನುವವರೂ ಇದ್ದಾರೆ, "ಪರವಾಗಿಲ್ಲವೇ" ಅನ್ನುವವರೂ ಇದ್ದಾರೆ. ಸಾವು ಎಷ್ಟು ತಪ್ಪಿತು ಎಂದು ಹೇಳುವಷ್ಟು ಮಾಹಿತಿ ಆ ಪ್ರಯೋಗಗಳಲ್ಲಿ ಇರಲಿಲ್ಲ. "ಲಸಿಕೆ ಹಾಕಿಸಿಕೊಂಡವರಲ್ಲಿ ಸಾವು ಅರ್ಧಕ್ಕರ್ಧ ಕಡಿಮೆ" ಎಂಬಂಥ ಮಾತು ಕೇಳಿದರೆ ಸ್ವಲ್ಪ ಹುಷಾರಾಗಿರಿ. ಹಾಸಿಗೆ ಹಿಡಿದು ಏಳಲಾರದವರು ಲಸಿಕೆಗೆ ಬರುವುದು ಕಡಿಮೆ, ಗಟ್ಟಿಮುಟ್ಟಾಗಿ ನಡೆದು ಬರುವವರೇ ಹೆಚ್ಚು. ಹಾಗಾಗಿ ಫ್ಲೂ ಇಲ್ಲದ ತಿಂಗಳುಗಳಲ್ಲೂ ಲಸಿಕೆ ಪಡೆದವರ ಗುಂಪಿನಲ್ಲಿ ಸಾವು ಕಡಿಮೆಯೇ ಕಾಣುತ್ತದೆ. ಅದರ ಶ್ರೇಯಸ್ಸು ಲಸಿಕೆಗೆ ಸೇರಿದ್ದಲ್ಲ.

ಹಾಗಿದ್ದರೆ ನನ್ನ ತಕ್ಕಡಿ ಲಸಿಕೆಯ ಕಡೆ ವಾಲುವುದೇಕೆ? ಮುಖ್ಯವಾಗಿ ಹೃದಯದ ಕಾರಣಕ್ಕೆ. ಫ್ಲೂ ಅಂದರೆ ಶ್ವಾಸಕೋಶದ ಕಾಯಿಲೆ ಎಂದಷ್ಟೇ ತಿಳಿದವರು ಇದನ್ನು ಗಮನಿಸುವುದಿಲ್ಲ. ಕೆನಡಾದ ಒಂಟಾರಿಯೊದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪರೀಕ್ಷೆಯಿಂದ ಖಚಿತವಾದ ಫ್ಲೂ ಬಂದ ಮೊದಲ 7 ದಿನಗಳಲ್ಲಿ ಹೃದಯಾಘಾತದ ಸಾಧ್ಯತೆ ಅದೇ ವ್ಯಕ್ತಿಯ ಬೇರೆ ದಿನಗಳಿಗಿಂತ ಆರು ಪಟ್ಟು ಇತ್ತು. ಸೋಂಕಿನ ಉರಿಯೂತಕ್ಕೆ ರಕ್ತನಾಳದೊಳಗಿನ ಕೊಬ್ಬಿನ ಗಂಟು ಸಡಿಲವಾಗುತ್ತದೆ, ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಜ್ವರಕ್ಕೆ ಹೃದಯ ಜೋರಾಗಿ ಬಡಿಯುತ್ತದೆ, ಆಮ್ಲಜನಕ ಇಳಿಯುತ್ತದೆ. ಮೂರು ವರ್ಷಗಳ ನಂತರ ಬಂದ ಇನ್ನೊಂದು ಪ್ರಯೋಗ ಇದನ್ನೇ ಎದುರು ದಿಕ್ಕಿನಿಂದ ನೋಡಿತು: ಹೃದಯಾಘಾತವಾಗಿ ಆಸ್ಪತ್ರೆ ಸೇರಿದವರಿಗೆ ಅಲ್ಲೇ ಫ್ಲೂ ಲಸಿಕೆ ಕೊಟ್ಟರು. ಒಂದು ವರ್ಷದಲ್ಲಿ ತೀರಿಕೊಂಡವರು ಲಸಿಕೆ ಸಿಕ್ಕ ಗುಂಪಿನಲ್ಲಿ ಶೇ. 2.9, ಸಿಗದ ಗುಂಪಿನಲ್ಲಿ ಶೇ. 4.9. ಯಾರಿಗೆ ಯಾವುದು ಕೊಡಬೇಕೆಂದು ಚೀಟಿ ಎತ್ತಿದಂತೆ ಹಂಚಿ ಮಾಡಿದ ಪ್ರಯೋಗವಾದ್ದರಿಂದ ಗಟ್ಟಿಮುಟ್ಟಾದವರ ಆ ಗೊಂದಲ ಇಲ್ಲಿಲ್ಲ.

ಆದ್ದರಿಂದ ಯಾರಾದರೂ ಸಲಹೆ ಕೇಳಿದರೆ ನಾನು ವಯಸ್ಸಿಗಿಂತ ಮೊದಲು ಕೇಳುವುದು ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ದಮ್ಮು, ಮೂತ್ರಪಿಂಡದ ದೌರ್ಬಲ್ಯ, ಪಾರ್ಶ್ವವಾಯು ಆಗಿತ್ತೇ ಎಂಬುದನ್ನು. ಇವುಗಳಲ್ಲಿ ಒಂದಿದ್ದರೂ 50ಕ್ಕೇ ಶುರುಮಾಡಿ ಅನ್ನುತ್ತೇನೆ. ಇನ್ನೊಂದು ಪ್ರಶ್ನೆ: ಒಂದು ವಾರ ಮಲಗಿ ಎದ್ದರೆ ಮೊದಲಿನ ಹಾಗೆ ಮೆಟ್ಟಿಲು ಹತ್ತುತ್ತೀರಾ? ಎಪ್ಪತ್ತರ ಮೇಲಿನವರ ತೊಡೆಯ ಸ್ನಾಯು ಹಾಸಿಗೆಯಲ್ಲಿ ಬೇಗ ಕರಗುತ್ತದೆ, ಮತ್ತೆ ತುಂಬಿಕೊಳ್ಳುವುದು ನಿಧಾನ. ಜ್ವರ ಬಿಟ್ಟ ಮೇಲೆ ಸ್ನಾನದ ಮನೆಗೆ ಹೋಗಲು ಕೈಹಿಡಿಯುವವರು ಬೇಕಾಗುವ ಸ್ಥಿತಿ ಬರುವುದು ಹೀಗೆ. ಯಾವ ಕಾಯಿಲೆಯೂ ಇಲ್ಲದ ಐವತ್ತೈದರವರು ಈ ವರ್ಷ ಬೇಡ ಅಂದರೆ ನಾನು ಒತ್ತಾಯಿಸುವುದಿಲ್ಲ. ಮನೆಯಲ್ಲಿ ಆರು ತಿಂಗಳೊಳಗಿನ ಮಗುವೋ, ಕೀಮೋ ನಡೆಯುತ್ತಿರುವವರೋ ಇದ್ದರೆ ಮಾತ್ರ ಒತ್ತಾಯಿಸುತ್ತೇನೆ. ಅಷ್ಟು ಚಿಕ್ಕ ಮಗುವಿಗೆ ಈ ಲಸಿಕೆ ಕೊಡುವಂತಿಲ್ಲ, ಕೀಮೋದಲ್ಲಿರುವವರಿಗೆ ಕೊಟ್ಟರೂ ಅದು ಚೆನ್ನಾಗಿ ಹಿಡಿಯುವುದಿಲ್ಲ.

ಪ್ರತಿ ವರ್ಷ ಯಾಕೆ ಎಂಬುದಕ್ಕೆ ಎರಡು ಕಾರಣ. ವೈರಸ್ ತನ್ನ ಹೊರಮೈಯ ಪ್ರೋಟೀನ್ ಬದಲಿಸುತ್ತಲೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆರಡು ಸಲ ಕೂತು ಲಸಿಕೆಯ ತಳಿಗಳನ್ನು ಆರಿಸುತ್ತದೆ, ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣ ಗೋಳಾರ್ಧಕ್ಕೆ. ಎರಡನೆಯದು, ತಳಿ ಬದಲಾಗದಿದ್ದರೂ ಪ್ರತಿಕಾಯಗಳು ತಿಂಗಳುಗಳಲ್ಲೇ ಇಳಿಯುತ್ತವೆ, ಹಿರಿಯರಲ್ಲಿ ಇನ್ನೂ ಬೇಗ. ನಾಲ್ಕು ತಳಿಯ ಲಸಿಕೆ ಸಿಗದೆ ಮೂರು ತಳಿಯದು ಸಿಕ್ಕಿತೆಂದು ಬೇಸರ ಬೇಡ. ಬಿ ಗುಂಪಿನ ಯಮಗಾಟ ತಳಿ 2020ರ ಮಾರ್ಚ್ ನಂತರ ಎಲ್ಲೂ ಖಚಿತವಾಗಿ ಕಂಡಿಲ್ಲ, ಹಾಗಾಗಿ ಅದನ್ನು ಕೈಬಿಟ್ಟಿದ್ದಾರೆ.

ಯಾವ ಲಸಿಕೆ ಎಂಬುದು ವಯಸ್ಸಾದಂತೆ ಮುಖ್ಯವಾಗುತ್ತದೆ. ಹೊಸ ವೈರಿಯನ್ನು ಗುರುತಿಸುವ ಟಿ ಕೋಶಗಳು ಪಳಗುವುದು ಎದೆಗೂಡಿನ ಥೈಮಸ್ ಗ್ರಂಥಿಯಲ್ಲಿ, ಮುಪ್ಪಿನ ಹೊತ್ತಿಗೆ ಅದರ ಬಹುಭಾಗ ಕೊಬ್ಬಾಗಿರುತ್ತದೆ. ಇಪ್ಪತ್ತೈದರ ದೇಹ ಒಂದು ಡೋಸ್‌ಗೆ ಕೊಡುವ ಉತ್ತರವನ್ನು ಎಪ್ಪತ್ತೈದರ ದೇಹ ಕೊಡುವುದಿಲ್ಲ. ಇದಕ್ಕೆ ಮೂರು ದಾರಿ ಹುಡುಕಿದ್ದಾರೆ. ಸಾಮಾನ್ಯ ಲಸಿಕೆಯಲ್ಲಿ ತಳಿಯೊಂದಕ್ಕೆ 15 ಮೈಕ್ರೋಗ್ರಾಂ ಪ್ರೋಟೀನ್ ಇದ್ದರೆ, ಹೈ ಡೋಸ್‌ನಲ್ಲಿ 60. ಮೊಟ್ಟೆಯ ಸಹಾಯವಿಲ್ಲದೆ ಕೀಟಕೋಶಗಳಲ್ಲಿ ತಯಾರಿಸುವ ರೀಕಾಂಬಿನೆಂಟ್ ಲಸಿಕೆಯಲ್ಲಿ 45. ಮೂರನೆಯದರಲ್ಲಿ ಪ್ರಮಾಣ 15 ಮೈಕ್ರೋಗ್ರಾಮೇ, ಆದರೆ ರೋಗನಿರೋಧಕ ವ್ಯವಸ್ಥೆಯನ್ನು ಎಚ್ಚರಿಸಲು ಸ್ಕ್ವಾಲೀನ್ ಎಣ್ಣೆಯ ಸೂಕ್ಷ್ಮ ಹನಿಗಳನ್ನು ಬೆರೆಸಿರುತ್ತಾರೆ. ಅದು ಹಾಲಿನಂತೆ ಬೆಳ್ಳಗಿರುತ್ತದೆ, ನೋಡಿ ಕೆಟ್ಟಿದೆ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 2022ರಿಂದ 65 ಮೀರಿದವರಿಗೆ ಸಾಮಾನ್ಯ ಲಸಿಕೆಗಿಂತ ಈ ಮೂರರಲ್ಲಿ ಒಂದಕ್ಕೆ ಆದ್ಯತೆ ಕೊಡುವಂತೆ ಹೇಳಿದ್ದಾರೆ.

ಹೈ ಡೋಸ್ ಎಷ್ಟು ಮೇಲು? 2014ರಲ್ಲಿ ಪ್ರಕಟವಾದ, ಸುಮಾರು 32,000 ಹಿರಿಯರ ಪ್ರಯೋಗದಲ್ಲಿ ಸಾಮಾನ್ಯ ಡೋಸ್‌ಗಿಂತ ಫ್ಲೂ ಶೇ. 24ರಷ್ಟು ಕಡಿಮೆಯಾಯಿತು. 2025ರಲ್ಲಿ ಡೆನ್ಮಾರ್ಕ್‌ನ 3,30,000ಕ್ಕೂ ಹೆಚ್ಚು ಹಿರಿಯರ ಪ್ರಯೋಗದ ಫಲಿತಾಂಶ ಬಂದಾಗ, ನ್ಯುಮೋನಿಯಾ ಮತ್ತು ಫ್ಲೂ ಸೇರಿಸಿ ಎಣಿಸಿದ ಆಸ್ಪತ್ರೆ ದಾಖಲಾತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಫ್ಲೂ ಒಂದನ್ನೇ ಬಿಡಿಸಿ ನೋಡಿದಾಗ ಮಾತ್ರ ಹೈ ಡೋಸ್ ಗುಂಪಿನಲ್ಲಿ ದಾಖಲಾತಿ ಕಡಿಮೆ ಇತ್ತು. ನಾನು ಇದನ್ನು ಅರ್ಥಮಾಡಿಕೊಂಡಿರುವುದು ಹೀಗೆ: ಕೈಗೆಟುಕುವಂತಿದ್ದರೆ ಬಲವಾದದ್ದೇ ಇರಲಿ, ಆದರೆ ಅದಕ್ಕಾಗಿ ಕಾಯುತ್ತ ಋತು ಕಳೆದುಕೊಳ್ಳುವಷ್ಟು ಅಂತರವಿಲ್ಲ. ಮೂಗಿಗೆ ಸಿಂಪಡಿಸುವ ಲಸಿಕೆ ಹಿರಿಯರಿಗಲ್ಲ. ಅದರಲ್ಲಿ ಜೀವಂತ, ದುರ್ಬಲಗೊಳಿಸಿದ ವೈರಸ್ ಇರುತ್ತದೆ, ಅನುಮತಿ ಇರುವುದೂ 49 ವರ್ಷದವರೆಗೆ ಮಾತ್ರ. ಚುಚ್ಚುವ ಲಸಿಕೆಗಳಲ್ಲಿ ಜೀವಂತ ವೈರಸ್ ಇಲ್ಲ, ಅವುಗಳಿಂದಲೇ ಫ್ಲೂ ಅಂಟುವುದು ಸಾಧ್ಯವಿಲ್ಲ.

ಹೊತ್ತು ನೋಡಿ ಹಾಕಿಸಬೇಕು. ಚುಚ್ಚಿದ ಮೇಲೆ ರಕ್ಷಣೆ ಕೂಡಲು ಸುಮಾರು ಎರಡು ವಾರ ಬೇಕು. ಬಹಳ ಮುಂಚೆ ಹಾಕಿಸಿಕೊಂಡರೆ ಅಲೆಯ ಕೊನೆಯ ಹೊತ್ತಿಗೆ ಶಕ್ತಿ ಇಳಿದಿರುತ್ತದೆ. ಉತ್ತರ ಗೋಳಾರ್ಧದ ಚಳಿ ದೇಶಗಳಲ್ಲಿ ಸೆಪ್ಟೆಂಬರ್-ಅಕ್ಟೋಬರ್ ಸೂಕ್ತ, ಹಿರಿಯರಿಗೆ ಜುಲೈ-ಆಗಸ್ಟ್ ಬೇಗವಾಯಿತು. ದಕ್ಷಿಣದಲ್ಲಿ ಏಪ್ರಿಲ್-ಮೇ. ಉಷ್ಣವಲಯದಲ್ಲಿ ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಅಲೆ ಏಳುವ ಜಾಗಗಳಿವೆ. ಅಲ್ಲಿ ದೊಡ್ಡ ಅಲೆ ಯಾವಾಗ ಎಂದು ಸ್ಥಳೀಯ ವೈದ್ಯರಿಂದ ತಿಳಿದುಕೊಂಡು, ಅದಕ್ಕೆ ಒಂದು ತಿಂಗಳ ಮುಂಚೆ, ಆಗ ಸಿಗುವ ಹೊಸ ತಯಾರಿಕೆಯದನ್ನು ಹಾಕಿಸಿಕೊಳ್ಳಬೇಕು. ಪೆಟ್ಟಿಗೆಯ ಮೇಲೆ ಗೋಳಾರ್ಧ ಮತ್ತು ವರ್ಷ ಅಚ್ಚಾಗಿರುತ್ತದೆ, ಚುಚ್ಚುವ ಮೊದಲು ಓದಿ. ಹಿಂದಿನ ಋತುವಿನ ಉಳಿಕೆ ದಾಸ್ತಾನು ಬೇಡ. ತಡವಾಯಿತು ಅಂತ ಬಿಡುವುದೂ ಬೇಡ, ಫ್ಲೂ ಇನ್ನೂ ಹರಡುತ್ತಿದ್ದರೆ ಹಾಕಿಸಿಕೊಂಡದ್ದಕ್ಕೆ ಪ್ರಯೋಜನವಿದೆ.

ಚುಚ್ಚುವ ಮೊದಲು ಕೇಳಬೇಕಾದದ್ದು ಕೆಲವಿವೆ. ಹಿಂದೆ ಫ್ಲೂ ಲಸಿಕೆ ಪಡೆದಾಗ ಉಸಿರು ಕಟ್ಟಿ, ಮುಖ ಊದಿ, ಬಿಪಿ ಕುಸಿದ ಅಲರ್ಜಿ ಆಗಿತ್ತೇ? ಆಗಿದ್ದರೆ ತಜ್ಞರನ್ನು ಕೇಳದೆ ಮುಂದುವರಿಯುವಂತಿಲ್ಲ. ಮೊಟ್ಟೆಯ ಅಲರ್ಜಿಗೆ ಈಗ ವಿಶೇಷ ಜಾಗ್ರತೆ ಬೇಕಿಲ್ಲ. ಲಸಿಕೆ ಪಡೆದ ಆರು ವಾರದೊಳಗೆ ಗಿಯಾನ್ ಬಾರೆ ಎಂಬ ನರದೌರ್ಬಲ್ಯ ಬಂದಿದ್ದವರಿಗೂ ಸಾಮಾನ್ಯವಾಗಿ ಬೇಡ ಅನ್ನುತ್ತಾರೆ. ಉಳಿದವರಿಗೆ ಆ ಅಪಾಯ ಬಂದರೂ ಹತ್ತು ಲಕ್ಷ ಡೋಸ್‌ಗೆ ಒಂದೋ ಎರಡೋ. ಫ್ಲೂ ಸೋಂಕಿನಿಂದಲೇ ಅದು ಬರುವ ಸಾಧ್ಯತೆ ಇದಕ್ಕಿಂತ ಹೆಚ್ಚು. ಬರಿ ನೆಗಡಿ ಇದ್ದರೆ ತಡೆಯಿಲ್ಲ. ಜೋರು ಜ್ವರವಿದ್ದರೆ ಇಳಿಯುವವರೆಗೆ ಮುಂದೂಡಬೇಕು. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ, ಕಾಯಿಲೆ ಹತೋಟಿಯಲ್ಲಿದ್ದರೆ, ಲಸಿಕೆಯ ನಂತರ ಎರಡು ವಾರ ಆ ಮಾತ್ರೆ ನಿಲ್ಲಿಸಲು ವೈದ್ಯರು ಹೇಳುವುದುಂಟು. ಲಸಿಕೆ ಚೆನ್ನಾಗಿ ಹಿಡಿಯಲೆಂದು ಹಾಗೆ ಮಾಡುತ್ತಾರೆ. ತಾವಾಗಿಯೇ ನಿಲ್ಲಿಸಬಾರದು.

ರಕ್ತ ತೆಳುಮಾಡುವ ಮಾತ್ರೆ ನಡೆಯುತ್ತಿದ್ದರೆ ಅದನ್ನು ಬಿಡಬೇಕಿಲ್ಲ. 23 ಗೇಜ್ ಅಥವಾ ಅದಕ್ಕಿಂತ ಸಣ್ಣ ಸೂಜಿ, ನಂತರ ಉಜ್ಜದೆ ಎರಡು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿದರೆ ಸಾಕು. ಡಯಾಲಿಸಿಸ್‌ಗೆಂದು ಫಿಸ್ಟುಲಾ (ರಕ್ತನಾಳಗಳ ಜೋಡಣೆ) ಮಾಡಿರುವ ತೋಳನ್ನೂ, ಸ್ತನದ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳ ಗಂಟುಗಳನ್ನು ತೆಗೆದಿರುವ ಕಡೆಯ ತೋಳನ್ನೂ ಬಿಟ್ಟು ಇನ್ನೊಂದಕ್ಕೆ ಕೊಡುತ್ತೇನೆ.

ಚುಚ್ಚುವ ಜಾಗದ ಬಗ್ಗೆ ಹಿರಿಯರ ಮಟ್ಟಿಗೆ ಹೆಚ್ಚು ಎಚ್ಚರ ಬೇಕು. ಭುಜದ ತುದಿಯ ಮೂಳೆಯಿಂದ ಎರಡು ಮೂರು ಬೆರಳಗಲ ಕೆಳಗೆ, ತೋಳಿನ ಸ್ನಾಯು ದಪ್ಪಗಿರುವ ಕಡೆ, ನೇರ 90 ಡಿಗ್ರಿಗೆ. ಮೇಲಕ್ಕೆ ಹೋದರೆ ಮದ್ದು ಕೀಲಿನ ಬಳಿಯ ಪೊರೆಗೆ ಇಳಿದು, ತೋಳು ಎತ್ತಲಾಗದ ನೋವು ತಿಂಗಳುಗಟ್ಟಲೆ ಉಳಿಯಬಹುದು. ಅಂಗಿಯ ಕೊರಳನ್ನು ಕೆಳಕ್ಕೆ ಜಗ್ಗಿ ಚುಚ್ಚಿದಾಗ ಈ ಎಡವಟ್ಟು ಆಗುವುದು ಹೆಚ್ಚು. ಭುಜ ಪೂರ್ತಿ ಕಾಣುವಂಥ ಬಟ್ಟೆ ಹಾಕಿಕೊಂಡು ಹೋಗಿ, ಕುಳಿತೇ ಚುಚ್ಚಿಸಿಕೊಳ್ಳಿ, ಚುಚ್ಚುವವರೂ ಕುಳಿತಿರಲಿ. ಹೆಚ್ಚಿನವರಿಗೆ 25 ಮಿಲಿಮೀಟರ್ ಸೂಜಿ ಸರಿ. ತೀರ ದಪ್ಪ ತೋಳಿಗೆ 38. ಗಿಡ್ಡ ಸೂಜಿ ಕೊಬ್ಬಿನಲ್ಲೇ ನಿಂತರೆ ಮದ್ದು ಸ್ನಾಯು ತಲುಪುವುದಿಲ್ಲ, ಆ ಜಾಗ ಕೆಂಪಾಗಿ ಊದುವುದೂ ಹೆಚ್ಚು. ಸ್ನಾಯು ಸವೆದು ತೋಳು ಕಡ್ಡಿಯಾಗಿದ್ದರೆ ತೊಡೆಯ ಹೊರಬದಿಗೆ ಕೊಡಬಹುದು. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಹೆಪ್ಪುಗಟ್ಟಿ ಕರಗಿದ ಲಸಿಕೆ ನೋಡಲು ಸರಿಯಾಗಿಯೇ ಕಂಡರೂ ಬಳಸುವಂತಿಲ್ಲ. ಫ್ರಿಜ್‌ನ ತಾಪಮಾನ ಬರೆದಿಡುವ ಪುಸ್ತಕ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಚುಚ್ಚಿದ ಮೇಲೆ ಹದಿನೈದು ನಿಮಿಷ ಅಲ್ಲೇ ಕೂತಿರಿ.

ತೋಳು ನೋವು, ಮೈಕೈ ನೋವು, ಸಣ್ಣ ಜ್ವರ ಒಂದೆರಡು ದಿನ ಇರಬಹುದು. ಹೈ ಡೋಸ್ ಮತ್ತು ಎಣ್ಣೆಹನಿಯ ಲಸಿಕೆಗಳಲ್ಲಿ ಇದು ತುಸು ಜಾಸ್ತಿ. ಮುಂಜಾಗ್ರತೆಗೆಂದು ಮೊದಲೇ ಪ್ಯಾರಾಸಿಟಮಾಲ್ ನುಂಗಬೇಡಿ, ನೋವು ಬಂದರೆ ಆಮೇಲೆ ತೆಗೆದುಕೊಳ್ಳಿ. ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾ ವಿರುದ್ಧದ ನ್ಯುಮೋಕಾಕಲ್ ಲಸಿಕೆಯೂ ಬಾಕಿ ಇದ್ದರೆ ಅದೇ ದಿನ ಇನ್ನೊಂದು ತೋಳಿಗೆ ಹಾಕಿಸಿಕೊಳ್ಳಬಹುದು. ಫ್ಲೂ ಹಿಂದೆಯೇ ಬರುವ ನ್ಯುಮೋನಿಯಾಕ್ಕೆ ಆ ಬ್ಯಾಕ್ಟೀರಿಯಾ ಒಂದು ದೊಡ್ಡ ಕಾರಣ.

ಬೇಡ ಅಂತ ನಾನೇ ಹೇಳುವ ಸಂದರ್ಭವೂ ಇದೆ. ಬದುಕಿನ ಕೊನೆಯ ವಾರಗಳಲ್ಲಿರುವವರಿಗೆ, ನೆಮ್ಮದಿಯೊಂದೇ ಗುರಿಯಾಗಿರುವಾಗ, ಇನ್ನೊಂದು ಸೂಜಿಯಿಂದ ಸಿಗುವುದು ಏನೂ ಇಲ್ಲ. ಆಗ ಅವರ ಬಳಿ ಇದ್ದು ನೋಡಿಕೊಳ್ಳುವವರಿಗೆ ಹಾಕಬೇಕು.

ಲಸಿಕೆ ಹಾಕಿಸಿಕೊಂಡವರೂ ಫ್ಲೂ ಬಂದರೆ ಏನು ಮಾಡಬೇಕೆಂದು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಹಿರಿಯರಲ್ಲಿ ಜ್ವರವೇ ಕಾಣದಿರಬಹುದು. ಇದ್ದಕ್ಕಿದ್ದಂತೆ ಊಟ ಬಿಡುವುದು, ತಬ್ಬಿಬ್ಬಾಗಿ ಮಾತಾಡುವುದು, ಕಾರಣವಿಲ್ಲದೆ ಬೀಳುವುದು, ಮೇಲುಸಿರು ಇವೇ ಮೊದಲ ಲಕ್ಷಣ ಆಗಿರಬಹುದು. ಫ್ಲೂ ವೈರಸ್ ವಿರುದ್ಧದ ಒಸೆಲ್ಟಾಮಿವಿರ್ ಮಾತ್ರೆ ಹೆಚ್ಚು ಕೆಲಸ ಮಾಡುವುದು ಲಕ್ಷಣ ಶುರುವಾದ 48 ಗಂಟೆಯೊಳಗೆ ಆರಂಭಿಸಿದರೆ. 75 ಮಿಲಿಗ್ರಾಂ ದಿನಕ್ಕೆರಡು ಸಲ, ಐದು ದಿನ, ವೈದ್ಯರು ಬರೆದುಕೊಟ್ಟ ಮೇಲೆ. ಮೂತ್ರಪಿಂಡ ದುರ್ಬಲವಿದ್ದರೆ ಪ್ರಮಾಣ ಇಳಿಸಬೇಕಾಗುತ್ತದೆ, ಆದ್ದರಿಂದ ಮೂತ್ರಪಿಂಡದ ಸ್ಥಿತಿ ತಿಳಿಸುವ ಇತ್ತೀಚಿನ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿಯನ್ನು ಲಸಿಕೆ ಚೀಟಿಯ ಜೊತೆಗೇ ಇಟ್ಟುಕೊಂಡಿರಿ.